ಆ ರಿಪೋರ್ಟು ಎಂತ ಆಯ್ತು ಮೇಡಂ?

ಪ್ರತಿವರ್ಷ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಓದುವ ಮಕ್ಕಳಿಗೆ ಸಂಶೋಧನಾ ನೀತಿಯ ಪಾಠ ಬಂದಾಗ ನಾನು ಹಾವಸುಪಾಯಿ ಜನರ ಕಥೆ ಹೇಳುತ್ತೇನೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ತಳದಲ್ಲಿರುವ ಸಣ್ಣ ಬುಡಕಟ್ಟು ಅದು. ಸಕ್ಕರೆ ಕಾಯಿಲೆ ಅವರನ್ನು ಹಿಂಡಿ ಹಾಕಿತ್ತು. ಅದರ ಅಧ್ಯಯನಕ್ಕೆಂದು 1990ರಿಂದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು ಅವರ ರಕ್ತ ತೆಗೆದುಕೊಂಡು ಹೋದರು. ಆಮೇಲೆ ಅದೇ ರಕ್ತವನ್ನು ಸ್ಕಿಜೋಫ್ರೇನಿಯಾಕ್ಕೆ, ಒಳಸಂಬಂಧದ ಮದುವೆಗಳ ಲೆಕ್ಕಕ್ಕೆ, ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಎನ್ನುವ ಶೋಧಕ್ಕೆ ಎಲ್ಲದಕ್ಕೂ ಬಳಸಿದರು. 2003ರಲ್ಲಿ ಆ ಬುಡಕಟ್ಟಿನ ಹೆಣ್ಣುಮಗಳೊಬ್ಬಳು ಅದೇ ಯೂನಿವರ್ಸಿಟಿಯಲ್ಲಿ ಯಾರದೋ ಪಿಎಚ್‌ಡಿ ಪ್ರಸ್ತುತಿಗೆ ಹೋಗಿ ಕೂತಾಗ, ಅಲ್ಲಿ ಹೇಳುತ್ತಿರುವುದು ತಮ್ಮದೇ ರಕ್ತದ ಸಂಗತಿ ಎಂದು ಗೊತ್ತಾಯಿತು. ಕೋರ್ಟು ಕಚೇರಿ ಎಲ್ಲ ಆಗಿ 2010ರಲ್ಲಿ ರಾಜಿ ಆಯಿತು. 7 ಲಕ್ಷ ಡಾಲರ್ ಪರಿಹಾರ, ಉಳಿದಿದ್ದ ರಕ್ತದ ಮಾದರಿಗಳು ವಾಪಸ್. ಈ ಕಥೆ ಹೇಳುವಾಗ ನನಗೆ ಸ್ವಲ್ಪ ಹುರುಪೇ ಬರುತ್ತದೆ. ತಪ್ಪು ಮಾಡಿದವರು ಏಳು ಸಮುದ್ರದಾಚೆ ಇದ್ದಾರೆ, ಬೈಯಲಿಕ್ಕೆ ಸಲೀಸು.

2022ರ ಮಳೆಗಾಲದಲ್ಲಿ ಹೀಗೆ ಹುರುಪಿನಿಂದ ಪಾಠ ಮುಗಿಸಿ ನನ್ನ ಕೋಣೆಗೆ ಬಂದು ಕೊಡೆ ಬಿಡಿಸಿ ಮೂಲೆಯಲ್ಲಿ ಒಣಗಲು ಇಡುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಕ್ಲಾಸಿನಲ್ಲಿ ಮೂರನೇ ಬೆಂಚು, ಕಿಟಕಿ ಪಕ್ಕ, ಹಾಜರಿ ಕರೆಯುವಾಗ ಬಿಟ್ಟರೆ ಬಾಯಿ ಬಿಡದವಳು. "ಮೇಡಂ, ಒಂದು ಕೇಳ್ಲಿಕ್ಕಿತ್ತು" ಅಂದಳು. ಅಸೈನ್‌ಮೆಂಟಿಗೆ ಎರಡು ದಿನ ಜಾಸ್ತಿ ಕೇಳುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ. ತಾನು ಮೂರನೇ ಕ್ಲಾಸಿನಲ್ಲಿದ್ದಾಗ ತಮ್ಮ ಕಾಲೊನಿಗೆ ಬಿಳಿ ಜೀಪಿನಲ್ಲಿ ಡಾಕ್ಟರುಗಳು ಬಂದಿದ್ದರು, ಎಲ್ಲರ ಬೆರಳು ಚುಚ್ಚಿ ರಕ್ತ ತೆಗೆದರು, ಮಕ್ಕಳಿಗೆಲ್ಲ ಗ್ಲೂಕೋಸ್ ಬಿಸ್ಕತ್ತು ಕೊಟ್ಟರು, ಒಂದು ಹುಳದ ಮಾತ್ರೆ ಕೊಟ್ಟರು. "ಆ ರಿಪೋರ್ಟು ಎಂತ ಆಯ್ತು ಮೇಡಂ? ನಮ್ಮ ಅಜ್ಜಿ ಈಗಲೂ ಹೇಳ್ತಾರೆ, ನೆತ್ತೆರ್ ದೆತೊಂದು ಪೋಯೆರ್, ಬೊಕ್ಕ ಬತ್ತಿಜೆರ್ ಅಂತ."

ರಕ್ತ ತೆಗೆದುಕೊಂಡು ಹೋದರು, ಆಮೇಲೆ ಬರಲಿಲ್ಲ.

ಯಾವ ವರ್ಷ ಎಂದು ಕೇಳಿದೆ. 2007 ಅಂದಳು. ಯಾವ ಊರು ಎಂದು ಕೇಳಿದೆ. ಹೇಳಿದಳು. ಬಿಸ್ಕತ್ತಿನ ಪೆಟ್ಟಿಗೆ ಜೀಪಿನ ಹಿಂದಿನ ಸೀಟಿನಲ್ಲಿ ನನ್ನ ಕಾಲ ಮೇಲೆಯೇ ಇತ್ತು. ಮಂಗಳೂರಿನ ಹಂಪನಕಟ್ಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಅದನ್ನು ಕೊಂಡವಳೂ ನಾನೇ, ಬಿಲ್ಲು ತೆಗೆದುಕೊಳ್ಳಲು ಮರೆತು ಆಮೇಲೆ ಬೈಗುಳ ತಿಂದವಳೂ ನಾನೇ. ಆಗ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು, ಬೇರೆ ಕಾಲೇಜಿನಲ್ಲಿ. ಆ ಅಧ್ಯಯನದ ಮೇಲೆ ಒಂದು ಪ್ರಬಂಧ ಬಂತು, ಅದರಲ್ಲಿ ನನ್ನ ಹೆಸರು ನಾಲ್ಕನೆಯದು. ಬಡ್ತಿಯ ಅರ್ಜಿಯಲ್ಲಿ ಅದನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಿದ್ದೇನೆ. ರಿಪೋರ್ಟು ಎಂತ ಆಯ್ತು ಎಂದರೆ, ಅದು ನಾನಾಯಿತು ಎನ್ನಬೇಕು.

ಅವತ್ತು ಇದನ್ನೆಲ್ಲ ಅವಳಿಗೆ ಹೇಳಲಿಲ್ಲ. "ಹುಡುಕಿ ನೋಡ್ತೇನೆ" ಅಂದೆ. ಹೇಳಲಿಕ್ಕೆ ಮತ್ತೆ ನಾಲ್ಕು ತಿಂಗಳು ಬೇಕಾಯಿತು.

ಮೂರು ರೆಡಿಮೇಡ್ ವಿಷಯಗಳು

ಅವಳು ಕೊರಗ ಬುಡಕಟ್ಟಿನ ಹುಡುಗಿ. ಉಡುಪಿ ಜಿಲ್ಲೆಯವಳು. ಊರಿನ ಹೆಸರು ಬೇಡ. ಯಾಕೆ ಬೇಡ ಎನ್ನುವುದನ್ನು ನನಗೆ ಕಲಿಸಿದ್ದೂ ಅವಳೇ, ಮುಂದೆ ಬರುತ್ತದೆ. ಬಿಎಸ್ಸಿಯಲ್ಲಿ ಅವಳದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಎಂಪಿಎಚ್‌ಗೆ ಬರುವವರಲ್ಲಿ ಅಂಥವರು ಅಪರೂಪ. ಹೆಚ್ಚಿನವರು ದಂತವೈದ್ಯರು, ನರ್ಸಿಂಗ್ ಓದಿದವರು, ಫಿಸಿಯೋಥೆರಪಿಯವರು. ಡೆಸರ್ಟೇಶನ್ನಿಗೆ ಗೈಡ್ ಹಂಚುವ ದಿನ ಅವಳು ನನ್ನ ಪಾಲಿಗೆ ಬಂದಳು. ಬಂದಳು ಅನ್ನುವುದಕ್ಕಿಂತ ನಾನೇ ಕೇಳಿ ತೆಗೆದುಕೊಂಡೆ. ಬಿಸ್ಕತ್ತಿನ ಋಣ.

ಸ್ಟಾಫ್ ರೂಮಿನಲ್ಲಿ ಸುದ್ದಿ ಹಬ್ಬಿದ ಕೂಡಲೇ ಎಲ್ಲರಿಂದಲೂ ಸಲಹೆ. ಒಬ್ಬರು, "ಒಳ್ಳೇದಾಯ್ತಲ್ಲ, ನಾಟಿಮದ್ದಿನ ಮೇಲೆ ಮಾಡಿಸಿ, ಅವಳ ಅಜ್ಜಿಗೆ ಎಲ್ಲ ಗೊತ್ತಿರ್ತದೆ" ಅಂದರು. ಇನ್ನೊಬ್ಬರು, "ಅವರಲ್ಲಿ ಕುಡಿತ ಜಾಸ್ತಿ, ಅದರ ಬಗ್ಗೆ ಮಾಡಿದ್ರೆ ಪೇಪರ್ ಗ್ಯಾರಂಟಿ" ಅಂದರು. ಮೂರನೆಯವರು ನನ್ನ ಹಳೆಯ ವಿಷಯಕ್ಕೇ ಬಂದರು, ರಕ್ತಹೀನತೆ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ನಾಲ್ಕನೆಯ ಸಲಹೆ ನನ್ನ ನಾಲಿಗೆ ತುದಿಯಲ್ಲೂ ಇತ್ತು. ಆದರೆ ನಮ್ಮಲ್ಲಿ ಬಂಟರ ಹುಡುಗ ಬಂದರೆ ಬಂಟರ ರಕ್ತದೊತ್ತಡದ ಮೇಲೆ ಮಾಡು ಎಂದು ಯಾರೂ ಹೇಳುವುದಿಲ್ಲ. ಕೊಂಕಣಿ ಹುಡುಗಿಗೆ ನಿನ್ನ ಅಜ್ಜಿಯ ಕಷಾಯ ಬರೆದು ತಾ ಎನ್ನುವುದಿಲ್ಲ. ಅವರಿಗೆ ಇಡೀ ಜಗತ್ತಿನ ಕಾಯಿಲೆಗಳಲ್ಲಿ ಯಾವುದು ಬೇಕೋ ಅದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ. ಇವಳಿಗೆ ಇವಳದೇ ಕಾಲೊನಿ.

ಇದರ ಹಿಂದೆ ಇನ್ನೊಂದು ಲೆಕ್ಕಾಚಾರವೂ ಇರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ಇಂಥ ವಿದ್ಯಾರ್ಥಿ ತಂಡದಲ್ಲಿದ್ದರೆ ಕಾಲೊನಿಯ ಬಾಗಿಲು ತೆರೆಯುತ್ತದೆ. ಜನ ಸಹಿ ಹಾಕುತ್ತಾರೆ, ತೋಳು ಚಾಚುತ್ತಾರೆ. 2023ರ ಜುಲೈನಲ್ಲಿ ವಂಶಪಾರಂಪರ್ಯವಾಗಿ ಬರುವ ರಕ್ತದ ಕಾಯಿಲೆ ಸಿಕಲ್ ಸೆಲ್‌ನ ನಿರ್ಮೂಲನಕ್ಕೆ ಕೇಂದ್ರ ಸರಕಾರದ ಅಭಿಯಾನ ಶುರುವಾದಾಗ ಬುಡಕಟ್ಟು ಪ್ರದೇಶಗಳಲ್ಲಿ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡರು. ಆಗ ನನಗೆ ಬಂದ ಫೋನುಗಳಲ್ಲಿ ಎರಡು, "ನಿಮ್ಮ ಆ ಸ್ಟೂಡೆಂಟ್ ಒಂದು ದಿನ ನಮ್ಮ ಜೊತೆ ಬರ್ಬಹುದಾ, ಜನರನ್ನು ಒಪ್ಪಿಸ್ಲಿಕ್ಕೆ?" ಎನ್ನುವಂಥವು. ಲೆಕ್ಕ ನೋಡಲಿಕ್ಕೆ ಬರಬಹುದಾ ಎಂದು ಯಾರೂ ಕೇಳಲಿಲ್ಲ. ಅವಳು ಹೋದಳು. ಅಭಿಯಾನ ಒಳ್ಳೆಯದೇ, ಬೇಕಾದದ್ದೇ. ವಾಪಸ್ ಬಂದವಳು ನನ್ನ ಎದುರು ಕೂತು ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ನಾನು ಅಲ್ಲಿ ಸಂಶೋಧಕಿಯಾ, ಬಾಗಿಲಾ?"

ಸರಾಸರಿಯಲ್ಲಿ ಕರಗಿದವರು

ಅವಳು ಆರಿಸಿಕೊಂಡದ್ದು ಸಂಖ್ಯೆಯ ವಿಷಯ. ಶುರುವಾದದ್ದು ಹೀಗೆ. ಒಂದು ದಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಕೋಷ್ಟಕಗಳನ್ನು ತಿರುವುತ್ತಾ, "ಇದ್ರಲ್ಲಿ ನಾವು ಎಲ್ಲಿದ್ದೇವೆ?" ಅಂದಳು. ದೇಶದಾದ್ಯಂತ 6 ಲಕ್ಷಕ್ಕೂ ಹೆಚ್ಚು ಮನೆಗಳನ್ನು ತಟ್ಟಿ ಮಾಡಿದ ಸಮೀಕ್ಷೆ ಅದು. ಪರಿಶಿಷ್ಟ ಪಂಗಡ ಎನ್ನುವ ಒಂದು ಸಾಲು ಇದೆ. ಆ ಸಾಲಿನಲ್ಲಿ ಕೊರಗರೂ ಇದ್ದಾರೆ, ಮರಾಟಿ ನಾಯ್ಕರೂ ಇದ್ದಾರೆ, ಮಲೆಕುಡಿಯರೂ ಇದ್ದಾರೆ. ದಕ್ಷಿಣ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮ ಕಡೆ ಈ ಪಟ್ಟಿಯಲ್ಲಿ ದೊಡ್ಡ ಸಂಖ್ಯೆ ಮರಾಟಿಗಳದ್ದು. ಅವರಲ್ಲಿ ಜಮೀನು ಇರುವವರಿದ್ದಾರೆ, ಸರಕಾರಿ ಕೆಲಸದವರಿದ್ದಾರೆ, ಮೇಷ್ಟ್ರುಗಳಿದ್ದಾರೆ. ಕೊರಗರು 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿ 15 ಸಾವಿರಕ್ಕೂ ಕಡಿಮೆ. ದೇಶದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿದ 75 ಸಮುದಾಯಗಳಲ್ಲಿ ಒಂದು. ನಮ್ಮ ರಾಜ್ಯದಿಂದ ಅವರೂ ಜೇನುಕುರುಬರೂ ಮಾತ್ರ. ಮರಾಟಿಗಳನ್ನೂ ಕೊರಗರನ್ನೂ ಸೇರಿಸಿ ಸರಾಸರಿ ತೆಗೆದರೆ ಬರುವ ಸಂಖ್ಯೆ ಯಾರದ್ದೂ ಅಲ್ಲ. ಕೊರಗರ ಹಸಿವು ಆ ಸರಾಸರಿಯಲ್ಲಿ ಸಕ್ಕರೆಯ ಹಾಗೆ ಕರಗಿ ಹೋಗುತ್ತದೆ.

ಹಾಗಾದರೆ ಅಷ್ಟು ಸಣ್ಣ ಸಮುದಾಯದ ಆರೋಗ್ಯವನ್ನು ಅಳೆಯುವುದು ಹೇಗೆ? ದೊಡ್ಡ ಸಮೀಕ್ಷೆಯ ಜರಡಿಯಲ್ಲಿ ಅವರು ಕೆಳಗೆ ಉದುರುತ್ತಾರೆ. ಬರೇ ಅವರನ್ನೇ ಹಿಡಿದು ಅಳೆದರೆ ಇನ್ನೊಂದು ತೊಂದರೆ, ಅದನ್ನು ಅವಳು ನನ್ನದೇ ಹಳೆಯ ಪ್ರಬಂಧದಿಂದ ತೋರಿಸಿಕೊಟ್ಟಳು. ಅದರಲ್ಲಿ ಒಂದು ಕೋಷ್ಟಕ, ಕಾಲೊನಿವಾರು. ಹೆಸರು ಹಾಕಿರಲಿಲ್ಲ, ಅಂಕೆ ಮಾತ್ರ. ಒಂದು ಕಾಲೊನಿಯ ಎದುರು, ಕ್ಷಯ: 1. ವಯಸ್ಸಿನ ಗುಂಪು ಬೇರೆ ಕೋಷ್ಟಕದಲ್ಲಿ, ಗಂಡೋ ಹೆಣ್ಣೋ ಮತ್ತೊಂದರಲ್ಲಿ. ನನ್ನ ಕಣ್ಣಿಗೆ ಅದು ಗೌಪ್ಯತೆ ಕಾಪಾಡಿದ ಶುದ್ಧ ಕೋಷ್ಟಕ. ಅವಳು ಬೆರಳಿಟ್ಟು, "ಇದು ಯಾರು ಅಂತ ನನಗೆ ಗೊತ್ತು ಮೇಡಂ" ಅಂದಳು. ಇಪ್ಪತ್ತು ಮನೆಗಳ ಕಡೆ 'ಒಬ್ಬರು' ಎಂದು ಬರೆಯುವುದೂ ಹೆಸರು ಬರೆಯುವುದೂ ಒಂದೇ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ದುರ್ಬಲ ಸಮುದಾಯಗಳ ಬಗ್ಗೆ ಒಂದು ಅಧ್ಯಾಯವೇ ಇದೆ, ನಾನು ಅದನ್ನು ಪಾಠ ಮಾಡುತ್ತೇನೆ, ಪರೀಕ್ಷೆಗೆ ಪ್ರಶ್ನೆ ಕೊಡುತ್ತೇನೆ. ಆದರೆ ಆ 1 ಹದಿನೈದು ವರ್ಷ ಅಚ್ಚಿನಲ್ಲಿ ನಿಂತಿತ್ತು, ನನಗೆ ಚುಚ್ಚಿರಲಿಲ್ಲ.

ಅವಳ ಡೆಸರ್ಟೇಶನ್ ಕೊನೆಗೆ ಇದರ ಮೇಲೆಯೇ ಆಯಿತು. ಸಣ್ಣ ಸಮುದಾಯಗಳ ಅಂಕಿಅಂಶವನ್ನು ಯಾರ ಗುರುತೂ ಬಿಟ್ಟುಕೊಡದೆ, ಆದರೆ ಸರಾಸರಿಯಲ್ಲಿ ಮುಳುಗಿಸದೆ ಹೇಳುವುದು ಹೇಗೆ ಎಂಬುದು. ಅರ್ಧದಷ್ಟು ಲೆಕ್ಕ ನನಗೆ ಅರ್ಥವಾಗುತ್ತಿರಲಿಲ್ಲ. ಗೈಡ್ ಎನ್ನುವವಳು ವಿದ್ಯಾರ್ಥಿ ಎದುರು "ಇದೊಂದು ಸಲ ಮೊದಲಿಂದ ಹೇಳು" ಎನ್ನಬೇಕಾಗಿ ಬಂದಾಗ ಮೊದಲ ಎರಡು ಸಲ ಕಷ್ಟ, ಮೂರನೆಯ ಸಲದಿಂದ ಅಭ್ಯಾಸವಾಗುತ್ತದೆ. ನಾನು ಅವಳಿಗೆ ಕಲಿಸಿದ್ದು ಇಂಗ್ಲಿಷಿನಲ್ಲಿ ವಾಕ್ಯ ಚಿಕ್ಕದು ಮಾಡುವುದನ್ನು, ಪರಿಶೀಲಕರು ಒರಟಾಗಿ ಬರೆದಾಗ ಎರಡು ದಿನ ಬಿಟ್ಟು ಉತ್ತರಿಸುವುದನ್ನು. ಅಷ್ಟೇ.

ಕುತ್ತಾರು ಸ್ಟಾಪ್

ಒಂದು ಸಲ ಇಬ್ಬರೂ ಕೊಣಾಜೆಗೆ ಹೋಗುವುದಿತ್ತು, ಒಂದು ಕಾರ್ಯಾಗಾರಕ್ಕೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಿಂದ ಬಸ್ಸು. ತೊಕ್ಕೊಟ್ಟಿನಲ್ಲಿ ತಿರುಗಿ ಕುತ್ತಾರು ದಾಟುವಾಗ ಬಸ್ಸಿನಲ್ಲಿದ್ದ ಅರ್ಧ ಜನ ಎದೆ ಮುಟ್ಟಿಕೊಂಡರು, ಕೊರಗರಲ್ಲಿ ಹುಟ್ಟಿ ದೈವವಾದ ಕೊರಗಜ್ಜನ ಆದಿಸ್ಥಳದ ಕಡೆಗೆ. ಕಂಡಕ್ಟರೂ. ನಾನೂ. ಕಳೆದ ವರ್ಷ ನನ್ನ ಅತ್ತೆಯ ಬೆಂಡೋಲೆ ಕಳೆದಾಗ ಅಜ್ಜನಿಗೆ ಚಕ್ಕುಲಿ, ವೀಳ್ಯ ಹೇಳಿಕೊಂಡು ಆಮೇಲೆ ಅದು ಅಕ್ಕಿ ಡಬ್ಬದಲ್ಲಿ ಸಿಕ್ಕಿತ್ತು. ಪಕ್ಕದಲ್ಲಿ ಕೂತವಳು ಕೈ ಎತ್ತಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದಳು. ಅದಾಗಿ ಸ್ವಲ್ಪ ಹೊತ್ತಿಗೆ ದೇರಳಕಟ್ಟೆ, ಎರಡೂ ಬದಿ ಮೆಡಿಕಲ್ ಕಾಲೇಜುಗಳು, ಬಿಳಿ ಕೋಟಿನ ಹಿಂಡು. "ಅಜ್ಜ ಇಲ್ಲೇ ಹತ್ತಿರ ಇದ್ದಾರೆ ನೋಡಿ, ಆದ್ರೂ ಒಂದು ಸೀಟ್ ಕೊಡಿಸ್ಲಿಲ್ಲ ನಮ್ಮವರಿಗೆ" ಅಂದಳು. ನಗುತ್ತಲೇ ಹೇಳಿದ್ದು. ನಾನೂ ನಕ್ಕೆ. ಆಮೇಲೆ ಕೊಣಾಜೆ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ.

ಗೈಡ್‌ಗಿರಿ ಎಂದರೆ ಹೆಚ್ಚಿನ ಪಾಲು ಇಂಥದ್ದೇ, ಪುಸ್ತಕದಲ್ಲಿ ಇಲ್ಲದ್ದು. ವಿದ್ಯಾರ್ಥಿವೇತನ ಐದು ತಿಂಗಳು ತಡವಾದಾಗ ಹಾಸ್ಟೆಲಿನವರ ಹತ್ತಿರ ಮಾತಾಡುವುದು. ಮಧ್ಯಾಹ್ನ ಅವಳು ಕ್ಯಾಂಟೀನಿಗೆ ಬರುವುದಿಲ್ಲ ಎಂದು ಗಮನಿಸಲಿಕ್ಕೆ ನನಗೆ ಒಂದು ಸೆಮಿಸ್ಟರ್ ಹಿಡಿಯಿತು. ಡಯಟ್ ಇರಬೇಕು ಅಂದುಕೊಂಡಿದ್ದೆ, ಈ ಕಾಲದ ಹುಡುಗಿಯರಲ್ಲವಾ. ದುಡ್ಡು ಕೊಡಹೋದರೆ ತೆಗೆದುಕೊಳ್ಳುವವಳಲ್ಲ. ಕೊನೆಗೆ ಡೇಟಾ ಎಂಟ್ರಿಯ ಒಂದು ಸಣ್ಣ ಕೆಲಸ ಹುಡುಕಿ, ಗಂಟೆಗಿಷ್ಟು ಎಂದು ಕೊಡಿಸಿದೆ. ಆ ದುಡ್ಡು ಕೈಗೆ ಬಂದ ಮೊದಲ ವಾರ ಅವಳೇ ನನಗೆ ಗೋಳಿಬಜೆ, ಚಹಾ ಕೊಡಿಸಿದಳು.

ಮತ್ತೆ ಹೆಸರಿನ ವಿಚಾರ. ಮೊದಲ ಪ್ರಬಂಧ ಕಳಿಸುವಾಗ ಜರ್ನಲಿನ ಅರ್ಜಿಯಲ್ಲಿ ಕೊನೆಯ ಹೆಸರಿನ ಚೌಕ ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಅವಳಿಗೆ ಇರುವುದು ಒಂದು ಇನಿಶಿಯಲ್ ಮಾತ್ರ. ಆ ಚೌಕದಲ್ಲಿ 'ಕೊರಗ' ಎಂದು ಹಾಕುವುದಾ? ಅವಳ ಸಂಬಂಧಿಕನೊಬ್ಬ ಹಾಗೆ ಹಾಕಿಕೊಳ್ಳುತ್ತಾನೆ, ಎದೆಯುಬ್ಬಿಸಿ. ಇನ್ನೊಬ್ಬಳು ಹಾಗೆ ಹಾಕಿಕೊಂಡು ಉಡುಪಿಯಲ್ಲಿ ಬಾಡಿಗೆ ಮನೆ ಸಿಗದೆ ಸುತ್ತಾಡಿದ್ದಾಳೆ. ನಾನು ದೊಡ್ಡದಾಗಿ, "ಚೆನ್ನಾಗಿ ಯೋಚನೆ ಮಾಡು, ಒಮ್ಮೆ ಅಚ್ಚಾದ ಹೆಸರು ಜೀವಮಾನ ಪೂರ್ತಿ ಇರ್ತದೆ" ಅಂದೆ. "ನಿಮ್ಮ ಹೆಸರಿನ ಕೊನೆಗೂ ಉಂಟಲ್ಲ ಮೇಡಂ, ಅದು ಹಾಕುವಾಗ ನೀವು ಎಷ್ಟು ದಿನ ಯೋಚನೆ ಮಾಡಿದ್ರಿ?" ಅಂದಳು. ಒಂದು ನಿಮಿಷವೂ ಇಲ್ಲ. ಅವಳು ಕೊನೆಗೆ ಏನು ಹಾಕಿದಳು ಎಂದು ಇಲ್ಲಿ ಬರೆದರೆ ನೀವು ಹುಡುಕುತ್ತೀರಿ, ಆದ್ದರಿಂದ ಬರೆಯುವುದಿಲ್ಲ.

ಉಗುರು

ಒಂದು ಅಂತರ್‌ವಿಭಾಗೀಯ ಸಭೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ದೇಹದಲ್ಲಿ ಸತು, ಸೆಲೆನಿಯಂನಂಥ ಅಂಶಗಳು ಎಷ್ಟಿವೆ ಎಂದು ನೋಡಲು ಉಗುರಿನ ತುಣುಕು ಒಳ್ಳೆಯ ಮಾದರಿ. ಸೂಜಿ ಬೇಡ, ನೋವಿಲ್ಲ, ಫ್ರಿಜ್ಜು ಬೇಡ, ಲಕೋಟೆಯಲ್ಲಿ ಹಾಕಿ ತಂದರಾಯಿತು. ಕೊರಗ ಕಾಲೊನಿಗಳಲ್ಲಿ ಉಗುರು, ಕೂದಲು ಸಂಗ್ರಹಿಸುವ ಪ್ರಸ್ತಾವ ಒಂದು ಬಂತು. ವಿಜ್ಞಾನದ ದೃಷ್ಟಿಯಿಂದ ತಪ್ಪಿಲ್ಲ, ಎಲ್ಲರೂ ತಲೆ ಆಡಿಸಿದೆವು. ಹಿಂದಿನ ಸಾಲಿನಲ್ಲಿದ್ದ ಅವಳು ಎದ್ದುನಿಂತಳು. ಸಭೆಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. "ಉಗುರು ಮತ್ತು ಕೂದಲು ಕೇಳ್ಲಿಕ್ಕೆ ಹೋಗುವ ಮೊದಲು ಅಜಲು ಅಂದ್ರೆ ಎಂತ ಅಂತ ತಂಡದವರಿಗೆ ಗೊತ್ತಿರಬೇಕು" ಅಂದಳು, ಕೂತಳು.

ಊರವರಿಗೆ ಗೊತ್ತಿತ್ತು, ಹೊರಗಿನಿಂದ ಬಂದ ಪ್ರಾಧ್ಯಾಪಕರಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕಾಯಿಲೆಯಾದರೆ, ಬಸುರಿಗೆ ದೋಷವೆಂದರೆ ಉಗುರು, ಕೂದಲು ಅನ್ನದಲ್ಲಿ ಕಲಸಿ ಕೊರಗರಿಗೆ ತಿನ್ನಿಸುವುದು. ತಮ್ಮ ರೋಗ ಅವರ ಹೊಟ್ಟೆ ಸೇರಲಿ ಎಂದು. ಕಂಬಳದ ಹಿಂದಿನ ರಾತ್ರಿ ಚಳಿಯಲ್ಲಿ ಡೋಲು ಬಾರಿಸುತ್ತಾ ಕೂರಿಸುವುದೂ ಇದೇ ಸಾಲಿನದ್ದು. 2000ದಲ್ಲಿ ಕರ್ನಾಟಕ ಇದನ್ನು ನಿಷೇಧಿಸಲು ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ನನ್ನ ಅಜ್ಜಿಮನೆಯ ಗದ್ದೆಯಲ್ಲಿ ಆ ಡೋಲಿನ ಸದ್ದು ಕೇಳುತ್ತಾ ನಾನು ಕಂಬಳಿ ಹೊದ್ದು ಬೆಚ್ಚಗೆ ಮಲಗಿದ್ದೇನೆ. ಆ ಸದ್ದು ನನಗೆ ಬಾಲ್ಯದ ಹಬ್ಬದ ನೆನಪು. ಈಗಲೂ ಅದು ಹಾಗೆಯೇ ನೆನಪಾಗುತ್ತದೆ, ಅದನ್ನು ಏನು ಮಾಡುವುದೆಂದು ತಿಳಿಯುವುದಿಲ್ಲ.

ಪ್ರಸ್ತಾವ ಬಿದ್ದುಹೋಗಲಿಲ್ಲ, ಬದಲಾಯಿತು. ಉಗುರು ಬಿಟ್ಟು ಬೇರೆ ಮಾದರಿಗೆ ಹೋದರು. ಯಾರೋ ಅವಳನ್ನು ಮೆಚ್ಚಿ, ಸಾಂಸ್ಕೃತಿಕ ಸೂಕ್ಷ್ಮತೆಯ ಬಗ್ಗೆ ಒಂದು ತರಬೇತಿ ನಡೆಸಿಕೊಡಲು ಹೇಳಿದರು. ಅವಳು ಆಗುವುದಿಲ್ಲ ಅಂದಳು. ಪರೀಕ್ಷೆ ಹತ್ತಿರವಿತ್ತು.

ಹಳೆಯ ರಿಜಿಸ್ಟರು

2007ರ ಮೂಲ ರಿಜಿಸ್ಟರು ಸಿಕ್ಕಿತು. ನನ್ನ ಹಳೆಯ ಕಾಲೇಜಿನ ಸ್ಟೋರಿನಲ್ಲಿ, ಮುರಿದ ತೂಕದ ಯಂತ್ರದ ಅಡಿಯಲ್ಲಿ. ಗೆದ್ದಲು ಒಂದು ಮೂಲೆ ತಿಂದಿತ್ತು. ನನ್ನದೇ ಅಕ್ಷರ. ಹಿಮೋಗ್ಲೋಬಿನ್ ಅಳೆಯಲಿಕ್ಕೆ ಆಗ ಸಾಹ್ಲಿ ವಿಧಾನ. ಬೆರಳಿನಿಂದ ಒಂದು ಹನಿ ರಕ್ತ ಪಿಪೆಟ್ಟಿನಲ್ಲಿ ಎಳೆದು, ಆಮ್ಲವಿರುವ ಕೊಳವೆಗೆ ಬಿಟ್ಟು, ಕಂದು ಬಣ್ಣಕ್ಕೆ ತಿರುಗಿದ ಮೇಲೆ ನೀರು ಹನಿಹನಿ ಸೇರಿಸುತ್ತಾ ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಬೆಳಕಿಗೆ ಹಿಡಿದು ನೋಡುವುದು. ಕಾಲೊನಿಯ ಹಲಸಿನ ಮರದಡಿ ನಿಂತು ಆ ಕೊಳವೆಯನ್ನು ಆಕಾಶಕ್ಕೆ ಎತ್ತಿ ಹಿಡಿದದ್ದು ನೆನಪಿದೆ. ಮಕ್ಕಳೆಲ್ಲ ಸುತ್ತ ನಿಂತು ನನ್ನ ಜೊತೆ ಆಕಾಶ ನೋಡಿದ್ದರು, ಅದರಲ್ಲಿ ಇವಳೂ ಇದ್ದಿರಬೇಕು.

ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಾದರೆ ತೀವ್ರ. ಅಂಥವರನ್ನು ಅವತ್ತೇ ಆಸ್ಪತ್ರೆಗೆ ಕಳಿಸಬೇಕು. ರಿಜಿಸ್ಟರಿನಲ್ಲಿ ನಾಲ್ಕು ಹೆಸರಿನ ಎದುರು 8ಕ್ಕಿಂತ ಕೆಳಗಿನ ಸಂಖ್ಯೆ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಗೆರೆ ಎಳೆದದ್ದು ಕೋಷ್ಟಕಕ್ಕೆ. ಆಸ್ಪತ್ರೆಗೆ ಕಳಿಸಿದ ಗುರುತು ಎಲ್ಲೂ ಇಲ್ಲ. ನಾಲ್ಕರಲ್ಲಿ ಒಂದು ಅವಳ ಅಮ್ಮನ ಹೆಸರು, 7.4. ಅವಳು ಆ ಪುಟವನ್ನು ಬಹಳ ಹೊತ್ತು ನೋಡಿದಳು. ಬೈದಿದ್ದರೆ ಹಗುರವಾಗುತ್ತಿತ್ತು. "ಇದ್ರದ್ದು ಒಂದು ಜೆರಾಕ್ಸ್ ಮಾಡಿಸ್ಕೊಳ್ಳಲಾ?" ಅಂದಳು.

2023ರ ಆಗಸ್ಟಿನಲ್ಲಿ ಹೋದೆವು. ತುಳುವರ ಆಟಿ ತಿಂಗಳು ಕಳೆದು ಸೋಣ ಹುಟ್ಟಿತ್ತು. 1993ರ ಭೂಮಿ ಹೋರಾಟದ ನೆನಪಿಗೆ ಕೊರಗರು ಆಗಸ್ಟ್ 18ಕ್ಕೆ ಮಾಡುವ ಭೂಮಿ ಹಬ್ಬ ಮುಗಿದು ನಾಲ್ಕೈದು ದಿನ ಆಗಿತ್ತು, ಕಟ್ಟಿದ ತೋರಣ ಮಳೆಗೆ ಜೋತುಬಿದ್ದಿತ್ತು. ಅಂಗಳದಲ್ಲಿ ಒಬ್ಬ ಹಿರಿಯರು ನಾವು ಯಾರು ಎಂದು ಕೇಳಿದರು. "2007ರ ರಿಪೋರ್ಟು ಕೊಡ್ಲಿಕ್ಕೆ" ಎಂದೆ. "ಓ, ನಾನು ಪೀರ್ ರಿಪೋರ್ಟು ಅಂತ ಗ್ರಹಿಸಿದೆ" ಎಂದು ನಕ್ಕರು. ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು 1994ರಲ್ಲಿ ಶಿಫಾರಸು ಮಾಡಿದ ಮೊಹಮ್ಮದ್ ಪೀರ್ ವರದಿ. ಅವರು ಮೂವತ್ತು ವರ್ಷದಿಂದ ಕಾಯುತ್ತಿರುವುದು ಆ ರಿಪೋರ್ಟಿಗೆ. ನನ್ನದು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ನಾನು ಎಲ್ಲರನ್ನೂ ಅಂಗನವಾಡಿಯ ಜಗಲಿಯಲ್ಲಿ ಸೇರಿಸಿ ಓದಿ ಹೇಳುವುದು ಎಂದು ಯೋಚಿಸಿದ್ದೆ. ಅವಳು ಬಿಡಲಿಲ್ಲ, ಮನೆಮನೆಗೆ ಹೋಗಿ, ಅವರವರದ್ದು ಅವರವರಿಗೆ. ಪಟ್ಟಿಯಲ್ಲಿದ್ದ ಎಷ್ಟೋ ಜನ ಈಗಿಲ್ಲ. ಇಲ್ಲದವರ ಮನೆಯಲ್ಲಿ ಅವರ ಸಂಖ್ಯೆ ಹೇಳಬೇಕಾ ಬೇಡವಾ ಎಂದು ಯಾವ ಮಾರ್ಗಸೂಚಿಯೂ ಹೇಳಿಕೊಟ್ಟಿರಲಿಲ್ಲ. ಅವಳು ಮನೆಯವರ ಮುಖ ನೋಡಿ, ಕೆಲವು ಕಡೆ ಹೇಳಿದಳು, ಕೆಲವು ಕಡೆ ಸುಮ್ಮನೆ ಊಟ ಆಯ್ತಾ ಎಂದು ಕೇಳಿ ಬಂದಳು.

ಕೊನೆಗೆ ಅವಳದ್ದೇ ಮನೆ. ಅಜ್ಜಿ ಜಗಲಿಯಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದರು. ಕಾಡಿನ ಬಳ್ಳಿ ಸೀಳಿ, ನೀರಿನಲ್ಲಿ ನೆನೆಹಾಕಿದ್ದು ಒಂದು ಸುರುಳಿ ಪಕ್ಕದಲ್ಲಿ. ಒಂದು ಕಾಲಿನ ಹೆಬ್ಬೆರಳಿನಿಂದ ತಳವನ್ನು ಒತ್ತಿ ಹಿಡಿದು, ಬಳ್ಳಿಯ ತುದಿಯನ್ನು ಒಂದರ ಮೇಲೆ ಒಂದರ ಕೆಳಗೆ ದಾಟಿಸುತ್ತಾ ಸುತ್ತು ಬರುತ್ತಿದ್ದರು. ಕೈಗೆ ಕಣ್ಣಿನ ಹಂಗಿರಲಿಲ್ಲ. ಕಣ್ಣು ನನ್ನ ಮೇಲಿತ್ತು. "ಕುಲ್ಲುಲೆ ಡಾಕ್ಟ್ರಮ್ಮ" ಅಂದರು, ಕೂತುಕೊಳ್ಳಿ ಎಂದು. ಗುರುತು ಸಿಕ್ಕಿರಲಿಕ್ಕಿಲ್ಲ. ನಾನೇ ಹೇಳಿದೆ, ಅವತ್ತು ರಕ್ತ ತೆಗೆದವಳು ನಾನು ಎಂದು. ಕೈ ನಿಲ್ಲಲಿಲ್ಲ. "ಬಿಸ್ಕತ್ತು ಚೆನ್ನಾಗಿತ್ತು" ಎಂದರು ತುಳುವಿನಲ್ಲಿ.

ಅಷ್ಟರಲ್ಲಿ ಅವಳ ಅಮ್ಮ ಕೆಲಸದಿಂದ ಬಂದರು, ಪಂಚಾಯತಿನ ಕಸದ ಗಾಡಿಯ ಕೆಲಸ. ಕೈಕಾಲು ತೊಳೆದು ಬಂದು ಕಂಬಕ್ಕೊರಗಿ ನಿಂತರು. ಮಗಳು ಅಮ್ಮನನ್ನು ಒಳಗೆ ಕರೆದು ಹೇಳಿದಳು. ಗೋಡೆ ಗಿಡ್ಡ, ಎಲ್ಲ ಹೊರಗೆ ಕೇಳಿಸುತ್ತಿತ್ತು. ಅವರವರ ನಡುವಿನ ಮಾತು ಕೊರಗ ಭಾಷೆಯಲ್ಲಿ, ನನಗೆ ಅರ್ಥವಾದದ್ದು ಏಳು, ನಾಲ್ಕು ಎನ್ನುವ ಅಂಕೆ ಮಾತ್ರ. ಅಜ್ಜಿಗೆ ಪೂರ್ತಿ ಅರ್ಥವಾಗಿತ್ತು. ಮೊದಲ ಸಲ ಅವರ ಕೈ ನಿಂತಿತು. ಅವಳು ಆಮೇಲೆ ಬಸ್ಸಿನಲ್ಲಿ ವಿವರಿಸಿದಳು. ಆ ವರ್ಷ ಅಮ್ಮ ಬಳ್ಳಿಯ ಹೊರೆ ಹೊತ್ತು ಗುಡ್ಡ ಹತ್ತುವಾಗ ಅರ್ಧದಲ್ಲಿ ಕೂತುಬಿಡುತ್ತಿದ್ದರಂತೆ. ಸೊಸೆ ಸೋಮಾರಿ, ಕೆಲಸಗಳ್ಳಿ ಎಂದು ಅಜ್ಜಿ ಊರಿಡೀ ಹೇಳಿಕೊಂಡು ತಿರುಗುತ್ತಿದ್ದರಂತೆ. ಆ ಹೆಸರು ಅಮ್ಮನಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು, ಈಗಲೂ ನೆಂಟರ ಮದುವೆಗಳಲ್ಲಿ ತಮಾಷೆಗೆ ಎತ್ತುತ್ತಾರಂತೆ.

ಅಮ್ಮ ಹೊರಗೆ ಬಂದರು. ಅತ್ತೆಯನ್ನು ನೋಡಲಿಲ್ಲ, ನನ್ನನ್ನು ನೋಡಿ ಹೇಳಿದರು, ಕನ್ನಡದಲ್ಲೇ, ನನಗೆ ತಿಳಿಯಲಿ ಎಂದು: "ಕಾಲು ಎತ್ಲಿಕ್ಕಾಗುದಿಲ್ಲ ಅಂತ ನಾನು ಅವತ್ತೇ ನಿಮ್ಮ ಹತ್ರ ಹೇಳಿದ್ದೆ. ನೀವು ಬರ್ಕೊಂಡಿದ್ರಿ ಕೂಡ."

ಬರೆದುಕೊಂಡಿದ್ದೆ. ರಿಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿ, 'ಸುಸ್ತು' ಎಂದು ಒಂದು ಪದ ಇದೆ.

"ಈಗ ಎಷ್ಟುಂಟು ನೋಡು" ಎಂದು ಮಗಳತ್ತ ಬೆರಳು ಚಾಚಿದರು. ಇವತ್ತು ತೆಗೆಯಲಿಕ್ಕೆ ಬಂದದ್ದಲ್ಲ ಎಂದು ಇವಳು ಹೇಳಿದರೂ ಕೇಳಲಿಲ್ಲ. "ಮಶೀನು ಚೀಲದಲ್ಲಿ ಕಾಣ್ತಾ ಉಂಟು ಮಾರಾಯ್ತಿ, ನೋಡು." ಅಂಗೈಯಗಲದ ಡಿಜಿಟಲ್ ಮೀಟರು, ಈಗ ಆಕಾಶಕ್ಕೆ ಹಿಡಿದು ನೋಡುವ ಕೆಲಸ ಇಲ್ಲ. ಸ್ಪಿರಿಟ್ ಹಚ್ಚಿ, ಚುಚ್ಚಿ, ಮೊದಲ ಹನಿ ಹತ್ತಿಯಲ್ಲಿ ಒರೆಸಿ, ಎರಡನೆಯದನ್ನು ಪಟ್ಟಿಗೆ ಮುಟ್ಟಿಸಿದಳು. ಅಜ್ಜಿ ಬುಟ್ಟಿ ಪಕ್ಕಕ್ಕಿಟ್ಟು ಬಗ್ಗಿ ನೋಡುತ್ತಿದ್ದರು. 10.2. ಸಾಲದು, ಮಾತ್ರೆ ಬೇಕು, ಸೋಮವಾರ ಆರೋಗ್ಯ ಕೇಂದ್ರಕ್ಕೆ ಹೋಗಬೇಕು ಎಂದು ಹೇಳಿ, ನೋಟ್‌ಬುಕ್ಕಿನಿಂದ ಒಂದು ಚೂರು ಹರಿದು, ಸಂಖ್ಯೆಯನ್ನೂ ತಾರೀಕನ್ನೂ ಬರೆದು ಅಮ್ಮನ ಕೈಗೆ ಕೊಟ್ಟಳು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಸೇರಿಸಿಕೊಂಡರು.

ನಾನು ಅಭ್ಯಾಸಬಲದಿಂದ ರಿಜಿಸ್ಟರು ತೆರೆದು, 7.4ರ ಪಕ್ಕದ ಖಾಲಿ ಜಾಗಕ್ಕೆ ಪೆನ್ನು ಒಯ್ದಿದ್ದೆ.

"ಅದ್ರಲ್ಲಿ ಬೇಡ ಮೇಡಂ" ಅಂದಳು.